1793ರ ನಕಾಶೆಯಲ್ಲಿ ನಮ್ಮೂರ ಗಡಿ ಯಾಕಿಲ್ಲ?

ಕೆರೆಯಂಗಳ, ಜಗಳೂರು (ಶನಿವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಮ್ಮೂರು ಜಗಳೂರು ತಾಲೂಕಿನ ಉತ್ತರದ ತುದಿಯಲ್ಲಿದೆ. ಕೆರೆ ಏರಿ ಮೇಲೆ ನಿಂತರೆ ಎದುರಿಗೆ ಕಾಣುವ ಹೊಲಗಳು ಕೂಡ್ಲಿಗಿ ತಾಲೂಕಿನವು. ಅವ್ವನ ತವರು ಅಲ್ಲೇ. ನಡೆದರೆ ಅರ್ಧ ಗಂಟೆ ದಾರಿ. ನಮ್ಮಜ್ಜಿ ಇರುವವರೆಗೂ ಆ ಕಡೆಗೆ ‘ಕುಂಪಣಿ ಸೀಮೆ’ ಅಂತಲೇ ಕರೆಯುತ್ತಿದ್ದಳು. “ಕುಂಪಣಿ ಸೀಮೆಯಿಂದ ಹೆಣ್ಣು ತಂದೀವಿ” ಅಂತ ಅವ್ವನ ಬಗ್ಗೆ ಬೀಗರ ಮುಂದೆ ಹೇಳುತ್ತಿದ್ದಳು. ನಮಗೆ ಅದು ಬರೀ ಹಳೇ ಕಾಲದವರ ಮಾತು ಅನ್ನಿಸಿತ್ತು.

ಮೊನ್ನೆ ಜೇಮ್ಸ್ ರೆನೆಲ್ ಅನ್ನುವವರು 1793ರ ಸುಮಾರಿಗೆ ಅಚ್ಚು ಹಾಕಿಸಿದ ದಕ್ಷಿಣ ಭಾರತದ ನಕಾಶೆ ನೆಟ್‌ನಲ್ಲಿ ಸಿಕ್ಕಿತು. ದೊಡ್ಡದು ಮಾಡಿ ಮಾಡಿ ನೋಡಿದೆ. ಚಿತ್ರದುರ್ಗ ಇದೆ. ಹರಿಹರ, ಹರಪನಹಳ್ಳಿ ಇವೆ. ಆದರೆ ದುರ್ಗಕ್ಕೂ ಹರಪನಹಳ್ಳಿಗೂ ನಡುವೆ ಎಲ್ಲೂ ಗೆರೆ ಇಲ್ಲ. ನಮ್ಮೂರು ಇರಬೇಕಾದ ಜಾಗ ಖಾಲಿ. ಆಮೇಲೆ ಮೈಸೂರು ಸಂಸ್ಥಾನದ 1900ರ ಸುಮಾರಿನ ನಕಾಶೆ ತೆಗೆದು ನೋಡಿದೆ. ಅದೇ ಜಾಗದಲ್ಲಿ ದಪ್ಪ ಗೆರೆ. ಈಚೆ ಮೈಸೂರು, ಆಚೆ ಮದ್ರಾಸ್.

ನನ್ನ ಪ್ರಶ್ನೆ ಇಷ್ಟೇ. ಈ ಎರಡನೇ ನಕಾಶೆಗೆ ನೂರು ವರ್ಷ ಹಿಂದೆ ಅಲ್ಲಿ ಗಡಿಯೇ ಇರಲಿಲ್ಲವಾ? ಅಥವಾ ಗಡಿ ಇದ್ದು ನಕಾಶೆ ಬರೆದವರಿಗೆ ಗೊತ್ತಾಗಲಿಲ್ಲವಾ? ಎರಡೂ ಬೇರೆ ಬೇರೆ ಮಾತು ಅಲ್ವಾ?

ದುರ್ಗದ ಬತೇರಿ (ಶನಿವಾರ, ರಾತ್ರಿ 10:15)

ಮೊದಲನೇ ಉತ್ತರ ಸುಲಭ. 1793ರಲ್ಲಿ ದುರ್ಗವೂ ಟಿಪ್ಪುವಿನದು, ಹರಪನಹಳ್ಳಿಯೂ ಟಿಪ್ಪುವಿನದು. 1779ರಲ್ಲೇ ಹೈದರ್ ದುರ್ಗದ ಕೋಟೆ ತೆಗೆದುಕೊಂಡಿದ್ದ. ಎರಡೂ ಕಡೆ ಒಬ್ಬನದೇ ಆಳ್ವಿಕೆ ಇದ್ದಾಗ ನಡುವೆ ಗೆರೆ ಯಾಕೆ ಬರುತ್ತದೆ?

ಎರಡನೇದು, ಆ ನಕಾಶೆಯನ್ನು ಜಾಸ್ತಿ ನಂಬಬೇಡಿ. ರೆನೆಲ್ ಅಳೆದದ್ದು ಬಂಗಾಳವನ್ನು. 1777ರಲ್ಲಿ ಇಂಗ್ಲೆಂಡಿಗೆ ವಾಪಸ್ ಹೋದ. ನಮ್ಮ ಕಡೆಯ ನಕಾಶೆಯನ್ನು ಲಂಡನ್ನಿನಲ್ಲಿ ಕೂತು ಜೋಡಿಸಿದ. ದಂಡು ನಡೆದ ದಾರಿಯ ಲೆಕ್ಕ, ಅಧಿಕಾರಿಗಳು ಕಳಿಸಿದ ಟಿಪ್ಪಣಿ, ಅಲ್ಲೊಂದು ಇಲ್ಲೊಂದು ಅಕ್ಷಾಂಶ, ಇವೇ ಅವನ ಸಾಮಗ್ರಿ. ದಂಡು ನಡೆದ ಕಡೆ ಊರುಗಳು ಒತ್ತೊತ್ತಾಗಿವೆ. ನಡೆಯದ ಕಡೆ ಬಿಳಿ ಕಾಗದ. ನಿಮ್ಮೂರು ಖಾಲಿ ಇದೆ ಅಂದರೆ ಅಲ್ಲಿ ಜನ ಇರಲಿಲ್ಲ ಅಂತಲ್ಲ, ಅವನಿಗೆ ವರದಿ ಕೊಡುವವರು ಆ ದಾರೀಲಿ ಹೋಗಿಲ್ಲ ಅಂತ.

ಮೋಜಿಣಿ ಮನೆ, ದಾವಣಗೆರೆ (ಭಾನುವಾರ, ಬೆಳಗ್ಗೆ 6:20)

ತಮ್ಮಾ, ನಿಮ್ಮಜ್ಜಿಯ ಒಂದು ಮಾತು ನೋಡಿ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಹರಿಹರ, ದಾವಣಗೆರೆ, ಜಗಳೂರು ಹೊಲಗಳಲ್ಲಿ ವರ್ಷಾನುಗಟ್ಟಲೆ ಸರಪಳಿ ಎಳೆದಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಎಲ್ಲರೂ ಕ್ಷಮಿಸಿ.

1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಜೂನ್ 22ಕ್ಕೆ ಟಿಪ್ಪುವಿನ ರಾಜ್ಯ ಹಂಚುವ ಒಪ್ಪಂದ ಆಯಿತು. ಹಂಚಿದ್ದು ಹೇಗೆ? ನಕಾಶೆ ಹಾಸಿ ಗೆರೆ ಎಳೆದು ಅಲ್ಲ. ಪಟ್ಟಿ ಬರೆದು. ಒಪ್ಪಂದದ ಜೊತೆಗಿನ ಪಟ್ಟಿಗಳಲ್ಲಿ ತಾಲೂಕಿನ ಹೆಸರು, ಅದರ ಮುಂದೆ ಕಂಠೀರಾಯ ವರಹದಲ್ಲಿ (ಆಗಿನ ಹಣದ ಲೆಕ್ಕ) ಅದರ ಹುಟ್ಟುವಳಿ. ಕಂಪನಿಗೆ ಇಷ್ಟು ವರಹದ ನಾಡು, ನಿಜಾಮನಿಗೆ ಇಷ್ಟು, ಮೈಸೂರು ಅರಸರಿಗೆ ಇಷ್ಟು. ಅಣ್ಣತಮ್ಮಂದಿರು ಪಾಲಾಗುವಾಗ ‘ದೊಡ್ಡ ಹೊಲ ನಿನಗೆ, ಕೆರೆ ಕೆಳಗಿನ ಗದ್ದೆ ನನಗೆ’ ಅಂತ ಬಾಯಿಮಾತಲ್ಲಿ ಮುಗಿಸುತ್ತಾರಲ್ಲ, ಹಾಗೆ. ಬದು ಎಲ್ಲಿ ಅನ್ನೋದು ಆಮೇಲಿನ ಮಾತು.

ಈ ಪಾಲಿನಲ್ಲಿ ಚಿತ್ರದುರ್ಗದ ಸೀಮೆಯನ್ನೇ ಹೋಳು ಮಾಡಿದರು. ಕೋಟೆ ಮೈಸೂರಿಗೆ ಉಳಿಯಿತು. ಅದರ ಕೈಕೆಳಗಿನ ಒಂದಿಷ್ಟು ನಾಡು ನಿಜಾಮನಿಗೆ ಹೋಯಿತು. ಇನ್ನೊಂದಿಷ್ಟನ್ನು ಹರಪನಹಳ್ಳಿ ಜೊತೆ ಸೇರಿಸಿ ಮರಾಠರ ಪೇಶ್ವೆಗೆ ಅಂತ ಎತ್ತಿಟ್ಟರು. ಪೇಶ್ವೆ ಷರತ್ತು ಒಪ್ಪಲಿಲ್ಲ. ಅವನ ಪಾಲನ್ನು ನಿಜಾಮನೂ ಕಂಪನಿಯೂ ಹಂಚಿಕೊಂಡರು. ಒಪ್ಪಂದ ಆಗಿ ಒಂದೂವರೆ ವರ್ಷ ತುಂಬುವುದರೊಳಗೆ, 1800ರ ಅಕ್ಟೋಬರಿನಲ್ಲಿ, ನಿಜಾಮ ತನಗೆ 1792ರಲ್ಲೂ 1799ರಲ್ಲೂ ಬಂದ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ತನ್ನ ರಾಜ್ಯದಲ್ಲಿ ಇಟ್ಟುಕೊಂಡ ಕಂಪನಿ ಸೈನ್ಯದ ಖರ್ಚಿಗೆ ಅಂತ. ಅದೇ ದತ್ತ ಮಂಡಲ. ಬಳ್ಳಾರಿ, ಅನಂತಪುರ, ಕಡಪ ಎಲ್ಲ ಅದರಲ್ಲಿ. ಥಾಮಸ್ ಮನ್ರೋ 1807ರವರೆಗೆ ಅಲ್ಲಿ ಕಲೆಕ್ಟರ್ ಆಗಿದ್ದವನು.

ನಿಮ್ಮಜ್ಜಿಯ ‘ಕುಂಪಣಿ’ ಅಂದರೆ ಇದೇ ಈಸ್ಟ್ ಇಂಡಿಯಾ ಕಂಪನಿ. ಅದರ ಆಳ್ವಿಕೆ 1858ಕ್ಕೇ ಮುಗಿಯಿತು. ನಿಮ್ಮಜ್ಜಿ ಹುಟ್ಟುವ ಎಷ್ಟೋ ವರ್ಷ ಮೊದಲೇ. ಆದರೂ ಆ ಹೆಸರು ಅವರ ಬಾಯಲ್ಲಿ ಉಳಿದಿತ್ತು ನೋಡಿ.

ಈಗ ಗೆರೆಗೆ ಬರೋಣ. ಪಟ್ಟಿ ಆಯಿತು, ಯಾವ ಹಳ್ಳಿ ಯಾರಿಗೆ ಅನ್ನುವ ತಕರಾರು ಶುರುವಾಯಿತು. ಅದನ್ನು ನೆಲದ ಮೇಲೆ ಗುರುತಿಸಲು ಕಂಪನಿಯ ಸರ್ವೆ ಅಧಿಕಾರಿ ಕಾಲಿನ್ ಮೆಕೆಂಜಿಯನ್ನು ಕಳಿಸಿದರು. 1800ರಲ್ಲಿ ಅವನ ಮೈಸೂರು ಸರ್ವೆ ಶುರು. ಹತ್ತು ವರ್ಷದ ಹತ್ತಿರ ನಡೆಯಿತು. ಸುಮಾರು 40,000 ಚದರ ಮೈಲಿ. ಬೆಟ್ಟದ ನೆತ್ತಿಯಿಂದ ಬೆಟ್ಟದ ನೆತ್ತಿಗೆ ಕೋನ ಹಿಡಿದು ತ್ರಿಕೋನ ಕಟ್ಟುವುದು, ಒಳಗಿನ ಊರು, ಕೆರೆ, ದಾರಿಗಳನ್ನು ಆಮೇಲೆ ತುಂಬುವುದು. ನಮ್ಮ ಕಡೆ ಬಯಲಲ್ಲಿ ಅಲ್ಲಲ್ಲಿ ಗುಡ್ಡ ಎದ್ದು ನಿಂತಿರುವುದರಿಂದ ಆ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ನಿಮ್ಮ ಕೆರೆಯ ಹತ್ತಿರದ ಗೆರೆಗೆ ಹುಟ್ಟಿದ ದಿನ ಇದೆ. 1799ಕ್ಕೆ ಪಟ್ಟಿಯಲ್ಲಿ ಹುಟ್ಟಿತು, ಮುಂದಿನ ಹತ್ತು ವರ್ಷದಲ್ಲಿ ನೆಲಕ್ಕೆ ಇಳಿಯಿತು.

ಹರಪನಹಳ್ಳಿ ತೇರುಬೀದಿ (ಭಾನುವಾರ, ಬೆಳಗ್ಗೆ 8:05)

ಮೋಜಿಣಿ ಸರ್ ಬರೆದದ್ದಕ್ಕೆ ನಮ್ಮೂರ ಕತೆ ಸೇರಿಸುತ್ತೇನೆ. ಪಾಳೇಗಾರರ ಕಾಲ ಆದಮೇಲೆ ಹೈದರ್, ಟಿಪ್ಪು. 1799ರಲ್ಲಿ ಪೇಶ್ವೆಗೆ ಅಂತ ಬರೆದು, ಆತ ಬೇಡ ಅಂದು, ನಿಜಾಮನಿಗೆ. 1800ರಲ್ಲಿ ಕಂಪನಿಗೆ. ಆಮೇಲೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯ. 1997ರ ಆಗಸ್ಟ್ 15ಕ್ಕೆ ಹೊಸ ದಾವಣಗೆರೆ ಜಿಲ್ಲೆ. 2018ರಲ್ಲಿ ಮತ್ತೆ ಬಳ್ಳಾರಿ. 2021ರಲ್ಲಿ ವಿಜಯನಗರ ಜಿಲ್ಲೆ. ನಮ್ಮ ತಂದೆಯವರು ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದಲ್ಲಿ, ನನ್ನ ಮದುವೆ ಆಗಿದ್ದು ದಾವಣಗೆರೆ ಜಿಲ್ಲೆಯಲ್ಲಿ, ಮಗಳು ಹುಟ್ಟಿದ್ದು ವಿಜಯನಗರ ಜಿಲ್ಲೆಯಲ್ಲಿ. ಮನೆ ಅದೇ. ಬಾಗಿಲು ಅದೇ.

ಬಳ್ಳಾರಿಗೆ ವಾಪಸ್ ಹೋಗಬೇಕು ಅಂತ ಯಾಕೆ ಹೋರಾಟ ಆಯ್ತು ಅನ್ನೋದು ಹೊರಗಿನವರಿಗೆ ಗೊತ್ತಿರಲ್ಲ. ಸಂವಿಧಾನದ 371ಜೆ ವಿಧಿಯ ಮೀಸಲಾತಿ ಬಳ್ಳಾರಿ ಜಿಲ್ಲೆಗೆ ಸಿಕ್ಕಿತು, ದಾವಣಗೆರೆಗೆ ಇಲ್ಲ. ನಾವು ದಾವಣಗೆರೆಗೆ ಸೇರಿದ್ದರಿಂದ ನಮ್ಮ ಮಕ್ಕಳಿಗೆ ಆ ಸೀಟು, ಆ ಕೆಲಸ ತಪ್ಪಿತು. ಗೆರೆ ಅಂದರೆ ಕಾಗದದ ಮೇಲಿನದು ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ. ಡಾಕ್ಟರ್ ಓದಬೇಕು ಅಂದುಕೊಂಡ ಹುಡುಗಿಯ ಬಾಳಿನ ಮೇಲೆ ಅದು ಹಾದುಹೋಗುತ್ತದೆ.

ದುರ್ಗದ ಬತೇರಿ (ಭಾನುವಾರ, ಬೆಳಗ್ಗೆ 11:30)

ಎಲ್ಲ ಸರಿ. ಆದರೆ ಮೋಜಿಣಿ ಸರ್, ನಿಮ್ಮ ಮಾತಿನಲ್ಲಿ ಒಂದು ಅಪಾಯ ಇದೆ. ‘ಗೆರೆ ಹುಟ್ಟಿದ್ದು 1799ಕ್ಕೆ’ ಅಂದರೆ ಅದಕ್ಕೆ ಮುಂಚೆ ಇಲ್ಲಿ ರಾಜ್ಯವೇ ಇರಲಿಲ್ಲ ಅಂತ ಓದುವವರು ತಿಳಿಯುತ್ತಾರೆ. ಇಂಗ್ಲಿಷರು ನಮ್ಮ ನಾಯಕರನ್ನು ಬರೀ ಪುಂಡ ಪಾಳೇಗಾರರು ಅಂತ ಬರೆದು ಹೋದರು. ದುರ್ಗದಲ್ಲಿ ಮತ್ತಿ ತಿಮ್ಮಣ್ಣ ನಾಯಕನಿಂದ ಕೊನೆಯ ಮದಕರಿವರೆಗೆ ಇನ್ನೂರು ವರ್ಷದ ಆಳ್ವಿಕೆ. ಏಳು ಸುತ್ತಿನ ಕೋಟೆ, ಕಣಜ, ಎಣ್ಣೆ ಕೊಳ, ಒಂದರಿಂದ ಒಂದಕ್ಕೆ ನೀರು ಇಳಿಯುವ ಹೊಂಡಗಳು. ಇದು ರಾಜ್ಯ ಅಲ್ಲದಿದ್ದರೆ ಇನ್ನೇನು?

ಗಡಿಯೂ ಇತ್ತು. ಮಾಯಕೊಂಡವನ್ನೇ ತಗೊಳ್ಳಿ. ಈಗ ರೈಲು ನಿಲ್ಲುವ ಊರು. 1748ರಲ್ಲಿ ಅಲ್ಲಿ ದೊಡ್ಡ ಯುದ್ಧ ಆಯ್ತು. ಒಂದು ಕಡೆ ದುರ್ಗದ ಮದಕರಿ ನಾಯಕ (ಕೊನೆಯವನಲ್ಲ, ಅದೇ ಹೆಸರಿನ ಹಿಂದಿನವನು), ಇನ್ನೊಂದು ಕಡೆ ಹರಪನಹಳ್ಳಿಯವರು, ಅವರ ಜೊತೆ ಬಿದನೂರು, ರಾಯದುರ್ಗ, ಸವಣೂರು. ನಮ್ಮ ನಾಯಕ ಅಲ್ಲೇ ಸತ್ತ. ಗಡಿ ಇಲ್ಲದಿದ್ದರೆ ಅಷ್ಟು ಜನ ಯಾವುದಕ್ಕೆ ಸತ್ತರು?

ಇನ್ನೊಂದು ವಿಷಯ. ನಮ್ಮ ಹತ್ತಿರದ ಶಾಲೆಯ ಗೋಡೆಗೆ ನಾಯಕರ ಕಾಲದ ಚಿತ್ರದುರ್ಗ ಸಂಸ್ಥಾನದ ದೊಡ್ಡ ನಕಾಶೆ ಬರೆಸುತ್ತಿದ್ದೇವೆ. ಗಡಿ ಗೆರೆ ಎಲ್ಲಿ ಎಳೆಯಬೇಕು ಅಂತ ಎರಡು ವಾರದಿಂದ ನಮ್ಮ ಗೆಳೆಯರ ಗುಂಪಿನಲ್ಲಿ ಚರ್ಚೆ. ಈ ಮಾತುಕತೆ ಅದಕ್ಕೂ ಬೇಕು.

ಹೊಳೆದಂಡೆ, ಹರಿಹರ (ಭಾನುವಾರ, ಮಧ್ಯಾಹ್ನ 3:10)

ಬತೇರಿ ಸರ್, ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ರಾಜ್ಯ ಇತ್ತು ಅಂತ ತೋರಿಸಲು ಗೆರೆ ಬೇಕಾಗಿಲ್ಲ. ನಿಮ್ಮ ಜಿಲ್ಲೆಯಲ್ಲೇ ಅದಕ್ಕೆ ಸಾಕ್ಷಿ ಇದೆ.

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರೂ ಕಡೆ ಅಶೋಕನ ಶಾಸನ. ಬಿ.ಎಲ್. ರೈಸ್ ಅವರು 1892ರಲ್ಲಿ ಪತ್ತೆ ಮಾಡಿದ್ದು. ಅದರ ಮೊದಲ ಸಾಲು ಓದಿದರೆ ಥೇಟ್ ಈಗಿನ ಸರ್ಕಾರಿ ಪತ್ರ. ಸುವರ್ಣಗಿರಿಯಿಂದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರ (ದೊಡ್ಡ ಅಧಿಕಾರಿಗಳ) ಅಪ್ಪಣೆ ಪ್ರಕಾರ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಬೇಕು, ಆಮೇಲೆ ಹೀಗೆ ಹೇಳಬೇಕು ಅಂತ. ಮೇಲಿನ ಕಚೇರಿ ಸುವರ್ಣಗಿರಿ. ಕೆಳಗಿನ ಕಚೇರಿ ಇಸಿಲ. ನಡುವೆ ಆದೇಶ ಓಡಾಡುತ್ತಿದೆ. ಕೊನೆಗೆ ಬರೆದವನ ಹೆಸರು ಚಪಡ. ತನ್ನ ಕೆಲಸದ ಹೆಸರನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ಎಲ್ಲಿಯ ವಾಯವ್ಯ, ಎಲ್ಲಿಯ ಮೊಳಕಾಲ್ಮೂರು. 2,200 ವರ್ಷಕ್ಕೂ ಹಿಂದೆ ಇಲ್ಲಿ ಕಚೇರಿ ಇತ್ತು, ಅಧಿಕಾರಿ ಇದ್ದ, ಗುಮಾಸ್ತ ಇದ್ದ. ಆದರೆ ಆ ಶಾಸನದಲ್ಲಿ ರಾಜ್ಯದ ಎಲ್ಲೆ ಹೇಳುವ ಒಂದು ಮಾತೂ ಇಲ್ಲ. ಅವರಿಗೆ ಅದು ಬೇಕಾಗಿರಲಿಲ್ಲ. ಅಪ್ಪಣೆ ಮುಟ್ಟುವ ಕಡೆಯವರೆಗೆ ರಾಜ್ಯ.

ಚಂದ್ರವಳ್ಳಿಗೆ ಬನ್ನಿ. ಕದಂಬರ ಮಯೂರಶರ್ಮನ ಶಾಸನ. ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ, ಗೆದ್ದ ನಾಡುಗಳ ಹೆಸರು ಸಾಲಾಗಿ ಹೇಳುತ್ತದೆ. ಅಲ್ಲೂ ಪಟ್ಟಿಯೇ. ಗೆರೆ ಇಲ್ಲ.

ಆಮೇಲೆ ನೊಳಂಬವಾಡಿ 32,000. ನಮ್ಮ ಚಿತ್ರದುರ್ಗ, ದಾವಣಗೆರೆ ನೆಲದ ಬಹುಪಾಲು ಅದರೊಳಗೆ ಬರುತ್ತಿತ್ತು. ಪಕ್ಕದಲ್ಲಿ ಬನವಾಸಿ 12,000, ಕೆಳಗೆ ಗಂಗವಾಡಿ 96,000. ಒಳಗೆ ಸಣ್ಣವು, ಕದಂಬಳಿಗೆ 1,000, ಕೋಗಳಿ 500. ಈ ಸಂಖ್ಯೆ ಹಳ್ಳಿಗಳದ್ದಾ, ಹುಟ್ಟುವಳಿಯದ್ದಾ ಅಂತ ವಿದ್ವಾಂಸರಲ್ಲಿ ಎರಡು ಮಾತಿದೆ. ಹುಟ್ಟುವಳಿ ಅನ್ನುವ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಯಾವುದಾದರೂ ಇರಲಿ, ನಾಡಿನ ಹೆಸರಿನ ಜೊತೆ ಲೆಕ್ಕ ಅಂಟಿಕೊಂಡಿದೆ. ಮೋಜಿಣಿ ಸರ್ ಹೇಳಿದ 1799ರ ಪಟ್ಟಿ ಓದುವಾಗ ನನಗೆ ನೆನಪಾದದ್ದು ಇದೇ. ತಾಲೂಕಿನ ಹೆಸರು, ಮುಂದೆ ವರಹ. ಸಾವಿರ ವರ್ಷ ನಮ್ಮವರು ನಾಡನ್ನು ಎಣಿಸಿದರು, ಅದರ ನಕಾಶೆ ಬರೆಯಲಿಲ್ಲ. ಕಂಪನಿಯವರು ಬಂದು ಹಂಚುವಾಗಲೂ ಮೊದಲು ಅದೇ ಹಳೇ ದಾರಿಯಲ್ಲೇ ಹಂಚಿದರು. ನಕಾಶೆ ಹಿಂದಿನಿಂದ ಬಂತು.

ಇನ್ನೊಂದು ಮಾತು. ಗ್ರೀಕರ ಟಾಲೆಮಿ ಎರಡನೇ ಶತಮಾನದಲ್ಲೇ ಬನವಾಸಿಯ ಹೆಸರು ಬರೆದಿದ್ದಾನೆ ಅಂತ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅವನ ಕೈಬರಹದ ನಕಾಶೆ ಯಾವುದೂ ಉಳಿದಿಲ್ಲ. ಉಳಿದದ್ದು ಊರ ಹೆಸರು, ಅಕ್ಷಾಂಶ, ರೇಖಾಂಶಗಳ ಪಟ್ಟಿ. ಈಗ ‘ಟಾಲೆಮಿಯ ನಕಾಶೆ’ ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಬಣ್ಣದ ಚಿತ್ರಗಳನ್ನೆಲ್ಲ ಸಾವಿರ ವರ್ಷಕ್ಕೂ ಜಾಸ್ತಿ ಆದಮೇಲೆ ಆ ಪಟ್ಟಿ ನೋಡಿ ಬರೆದದ್ದು. ಅದರೊಳಗಿನ ಗಡಿ ಗೆರೆ ನೋಡಿ ‘ಆಗಲೇ ನಮ್ಮ ರಾಜ್ಯ ಇಷ್ಟಿತ್ತು’ ಅನ್ನಬಾರದು.

ಕೆರೆಯಂಗಳ, ಜಗಳೂರು (ಭಾನುವಾರ, ಸಂಜೆ 5:45)

ಮೇಡಂ, ಒಂದು ಅನುಮಾನ. ರಾಜ್ಯಕ್ಕೆ ಗೆರೆ ಇರಲಿಲ್ಲ ಅಂತೀರಿ. ಆದರೆ ನಮ್ಮೂರ ಹೊಲಗಳಲ್ಲಿ ಹಳೇ ಗಡಿಕಲ್ಲು ಇವೆಯಲ್ಲ? ಒಂದರ ಮೇಲೆ ಲಿಂಗ, ಸೂರ್ಯ, ಚಂದ್ರ. ನಮ್ಮ ಕಡೆ ಅದಕ್ಕೆ ಲಿಂಗಮುದ್ರೆ ಕಲ್ಲು ಅಂತೀವಿ. ಉಗಾದಿಗೆ ಅದಕ್ಕೆ ಬೇವಿನ ಸೊಪ್ಪು ಏರಿಸುತ್ತೇವೆ.

ಹೊಳೆದಂಡೆ, ಹರಿಹರ (ಭಾನುವಾರ, ಸಂಜೆ 6:20)

ಇದೇ ನೋಡಿ ವಿಶೇಷ. ರಾಜ್ಯದ ಅಂಚು ತೆಳು, ಹೊಲದ ಅಂಚು ಗಟ್ಟಿ. ನಿಮ್ಮ ಲಿಂಗಮುದ್ರೆ ಕಲ್ಲು ಶಿವಾಲಯಕ್ಕೆ ಬಿಟ್ಟ ಭೂಮಿಯ ಗುರುತು. ವಿಷ್ಣು ದೇವಾಲಯಕ್ಕೋ ಬ್ರಾಹ್ಮಣರಿಗೋ ಬಿಟ್ಟಿದ್ದರೆ ಕೊಡೆ, ಕಮಂಡಲ ಹಿಡಿದ ವಾಮನನ ಕಲ್ಲು. ದಾನ ಶಾಸನಗಳಲ್ಲಿ ಗಡಿಯನ್ನು ಎಷ್ಟು ನಿಖರವಾಗಿ ಹೇಳುತ್ತಾರೆ ಅಂದರೆ, ಮೂಡಲು ಆಲದ ಮರ, ತೆಂಕಲು ಹಳ್ಳ, ಪಡುವಲು ಹುತ್ತದ ಪಕ್ಕದ ನಟ್ಟ ಕಲ್ಲು, ಬಡಗಲು ಮೂರು ಊರು ಕೂಡುವ ಮುಗ್ಗುಡ್ಡೆ, ಹೀಗೆ. ಅಂಗೈ ಅಗಲದ ದಾನಕ್ಕೂ ನಾಲ್ಕು ದಿಕ್ಕಿನ ಎಲ್ಲೆ. ಅದೇ ರಾಜನ ರಾಜ್ಯದ ಎಲ್ಲೆ ಹೇಳುವಾಗ ಮಾತ್ರ ಹೊಳೆಯಿಂದ ಹೊಳೆಗೆ, ಕಡಲಿನಿಂದ ಕಡಲಿಗೆ ಅನ್ನುವ ಮಾತು.

ಉಣ್ಣುವವನಿಗೆ ಹೊಲದ ಎಲ್ಲೆ ಬೇಕು. ಆಳುವವನಿಗೆ ಕಪ್ಪ ಬಂದರೆ ಸಾಕು. ಬತೇರಿ ಸರ್ ಹೇಳಿದ ಮಾಯಕೊಂಡವನ್ನೂ ನಾನು ಹೀಗೇ ನೋಡುತ್ತೇನೆ. ಆ ಊರಿನ ಕಂದಾಯ, ಅಲ್ಲಿ ಹಾಯುವ ದಾರಿಯ ಸುಂಕ ಯಾರಿಗೆ ಅನ್ನುವ ಜಗಳ ಅದು. ಜಗಳ ನಿಜ, ಸಾವು ನಿಜ. ಗೆರೆ ಮಾತ್ರ ಇರಲಿಲ್ಲ.

ಮೋಜಿಣಿ ಮನೆ, ದಾವಣಗೆರೆ (ಭಾನುವಾರ, ರಾತ್ರಿ 8:50)

ಮೇಡಂ ಮಾತಿಗೆ ನನ್ನ ಅನುಭವ ಸೇರಿಸುತ್ತೇನೆ. ಮಾಯಕೊಂಡದ ಹೆಸರು ಬಂತಲ್ಲ. 1803ರ ಡಿಸೆಂಬರಿನಲ್ಲಿ ಕಂಪನಿಯೂ ಮೈಸೂರೂ ಇನ್ನೊಂದು ಒಪ್ಪಂದ ಮಾಡಿಕೊಂಡವು. ಹೊಳಲ್ಕೆರೆ, ಮಾಯಕೊಂಡ, ಹರಿಹರ ಮೈಸೂರಿಗೆ ಬಂದವು. ಬದಲಿಗೆ ವೈನಾಡು, ಪುಂಗನೂರಿನ ಕಡೆಯದು ಕಂಪನಿಗೆ. ಕೇರಳದ ಕಾಡು ಕೊಟ್ಟು ಹರಿಹರ ತಂದದ್ದು. ಇವತ್ತು ದಾವಣಗೆರೆ ಜಿಲ್ಲೆಗೆ ಹರಿಹರ ಇಲ್ಲದೆ ಊಹಿಸಲು ಆಗುತ್ತದಾ?

ಈಗ ತಮ್ಮನ ಹೊಲಕ್ಕೆ. ಆ ಗೆರೆ ಇನ್ನೂ ಜೀವಂತ ಇದೆ ಅನ್ನುವುದಕ್ಕೆ ಒಂದು ಗುರುತು ಹೇಳುತ್ತೇನೆ. ನಿಮ್ಮ ತಂದೆಯ ಹೊಲ ಎಷ್ಟು ಅಂತ ಕೇಳಿ. ‘ಮೂರು ಎಕರೆ ಇಪ್ಪತ್ತು ಗುಂಟೆ’ ಅನ್ನುತ್ತಾರೆ. ನಿಮ್ಮ ಸೋದರಮಾವನನ್ನು ಕೇಳಿ. ‘ಮೂರು ಎಕರೆ ಐವತ್ತು ಸೆಂಟ್ಸ್’ ಅನ್ನುತ್ತಾರೆ. ಎರಡೂ ಒಂದೇ ಅಳತೆ. ಮೈಸೂರಿನವರು 1863ರಿಂದ ಬೊಂಬಾಯಿ ಪದ್ಧತಿಯಲ್ಲಿ ಕಂದಾಯ ಸರ್ವೆ ಮಾಡಿಸಿದರು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. 40 ಗುಂಟೆಗೆ ಎಕರೆ. ಮದ್ರಾಸಿನವರದು ಎಕರೆಗೆ 100 ಸೆಂಟ್ಸ್. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. 1956ರ ಹೊತ್ತಿಗೆ ಎಲ್ಲ ಸೇರಿ ಒಂದೇ ರಾಜ್ಯ ಆಯ್ತು. ಆದರೂ ಬಳ್ಳಾರಿ ಕಡೆ ರೈತರ ಬಾಯಲ್ಲಿ ಸೆಂಟ್ಸ್ ಹೋಗಿಲ್ಲ. ಎಲ್ಲಿಯವರೆಗೆ ಗುಂಟೆ, ಎಲ್ಲಿಂದ ಸೆಂಟ್ಸ್ ಅಂತ ಹಳ್ಳಿ ಹಳ್ಳಿ ಕೇಳುತ್ತಾ ಹೋದರೆ ನಕಾಶೆ ಇಲ್ಲದೆಯೇ 1800ರ ಗಡಿ ಸಿಗುತ್ತದೆ.

ಮೊಳಕಾಲ್ಮೂರು ಮಗ್ಗ (ಸೋಮವಾರ, ಬೆಳಗ್ಗೆ 7:30)

ನಮ್ಮ ತಾಲೂಕಿನ ಹೆಸರು ಬಂದಿದ್ದಕ್ಕೆ ಖುಷಿ ಆಯ್ತು. ಹಳೇ ಮೈಸೂರು ನಕಾಶೆ ತೆಗೆದು ನೋಡಿ. ಮೊಳಕಾಲ್ಮೂರು ಮೇಲಕ್ಕೆ ಚಾಚಿದ ಬೆರಳಿನ ಹಾಗೆ ಮದ್ರಾಸಿನೊಳಗೆ ನುಗ್ಗಿದೆ. ನಮಗೆ ಪೇಟೆ ಅಂದರೆ ರಾಯದುರ್ಗ. ರೇಷ್ಮೆ ಸೀರೆ ನೇಯುವವರ ನೆಂಟಸ್ತನ ಎರಡೂ ಕಡೆ. 1953ರಲ್ಲಿ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯನ್ನು ಒಡೆದರು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಉಳಿದದ್ದು ಮೈಸೂರಿಗೆ. ಬಳ್ಳಾರಿ ತಾಲೂಕು ಯಾರಿಗೆ ಅನ್ನುವ ಜಗಳ ಜಾಸ್ತಿ ಆಗಿ, ನ್ಯಾಯಮೂರ್ತಿ ಮಿಶ್ರಾ ಅವರು ವಿಚಾರಣೆ ಮಾಡಿ ಮೈಸೂರಿಗೆ ಅಂದರು. ಎರಡು ವರ್ಷಕ್ಕೆ ರಾಜ್ಯಗಳ ಪುನರ್ವಿಂಗಡಣೆಯ ಫಜಲ್ ಅಲಿ ಆಯೋಗ ಬಂದು ಅದನ್ನು ಆಂಧ್ರಕ್ಕೆ ಕೊಡಿ ಅಂತ ಶಿಫಾರಸು ಮಾಡಿತು. ಸರ್ಕಾರ ಒಪ್ಪದೆ ಇದ್ದದ್ದರಿಂದ ಬಳ್ಳಾರಿ ನಮ್ಮಲ್ಲಿ ಉಳಿಯಿತು. ರಾಯದುರ್ಗ ಉಳಿಯಲಿಲ್ಲ. ಅಲ್ಲಿ ಇವತ್ತಿಗೂ ಕನ್ನಡ ಮಾತಾಡುವ ಮನೆಗಳು ಎಷ್ಟೋ ಇವೆ.

ಇದರಲ್ಲಿ ನನಗೆ ಕಾಣುವ ದೊಡ್ಡ ವ್ಯತ್ಯಾಸ ಇಷ್ಟು. 1799ರಲ್ಲಿ ವರಹ ಎಣಿಸಿ ಹಂಚಿದರು. 1953ರಲ್ಲಿ ಮಾತಾಡುವ ಬಾಯಿ ಎಣಿಸಿ ಹಂಚಿದರು. ಎರಡು ಸಲವೂ ಎಣಿಸಿದ್ದು ತಾಲೂಕಿನ ಲೆಕ್ಕದಲ್ಲಿ. ಅದಕ್ಕೇ ತಾಲೂಕಿನ ಹಳೇ ಅಂಚು ಹೊಸ ರಾಜ್ಯದ ಅಂಚಾಯಿತು. ಮನ್ರೋ ಕಾಲದವರು ಕಂದಾಯ ವಸೂಲಿಗೆ ಅಂತ ಮಾಡಿಕೊಂಡ ಏರ್ಪಾಡು ನೂರೈವತ್ತು ವರ್ಷ ಆದಮೇಲೆ ಯಾರು ಕನ್ನಡನಾಡಿನವರು, ಯಾರು ಆಂಧ್ರದವರು ಅಂತ ತೀರ್ಮಾನಿಸಿತು.

ನೀರಿನ ಮಾತೂ ಹೇಳಿಬಿಡುತ್ತೇನೆ. ವೇದಾವತಿ ನಮ್ಮ ಜಿಲ್ಲೆಯಲ್ಲಿ ಹರಿದು ಆಚೆ ಹಗರಿ ಆಗುತ್ತದೆ. ಹೊಳೆ ಒಂದೇ, ಗಡಿ ದಾಟಿದರೆ ಹೆಸರು ಬೇರೆ. 1892ರಲ್ಲಿ ಮದ್ರಾಸ್ ಮತ್ತು ಮೈಸೂರು ಒಪ್ಪಂದ ಮಾಡಿಕೊಂಡವು. ಮೈಸೂರಿನವರು ಹೊಸ ಅಣೆಕಟ್ಟು ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕು. ವೇದಾವತಿಗೆ ಕಟ್ಟಿದ ಮಾರಿಕಣಿವೆ ಅಣೆಕಟ್ಟು 1907ಕ್ಕೆ ಮುಗಿದದ್ದು ಆ ನೆರಳಿನಲ್ಲೇ. ಮಳೆಯೇ ಕಡಿಮೆ ಇರುವ ನಮ್ಮ ಬಯಲುಸೀಮೆಯಲ್ಲಿ ಈ ಗೆರೆ ಬರೀ ಗೆರೆ ಅಲ್ಲ ಸ್ವಾಮಿ, ನೀರು.

ದುರ್ಗದ ಬತೇರಿ (ಸೋಮವಾರ, ಮಧ್ಯಾಹ್ನ 1:15)

ಎಲ್ಲರ ಮಾತನ್ನೂ ಓದಿದೆ. ಗುಂಪಿನಲ್ಲಿ ನಿನ್ನೆ ರಾತ್ರಿ ಇದನ್ನೇ ಮಾತಾಡಿದೆವು. ಕೆಲವರಿಗೆ ಬೇಜಾರಾಯಿತು. “ಗೆರೆ ಇಲ್ಲದ ಸಂಸ್ಥಾನ ಮಕ್ಕಳಿಗೆ ಹೇಗೆ ತೋರಿಸೋದು” ಅಂದರು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಹಾಗಾದರೆ ಏನು ಬರೆಯಬೇಕು, ನೀವೇ ಹೇಳಿ ಮೇಡಂ.

ಹೊಳೆದಂಡೆ, ಹರಿಹರ (ಸೋಮವಾರ, ರಾತ್ರಿ 9:00)

ಮೊದಲು ಕೋಟೆ ಬರೆಯಿರಿ. ದೊಡ್ಡದಾಗಿ, ಏಳು ಸುತ್ತೂ ಕಾಣುವ ಹಾಗೆ. ಆಮೇಲೆ ಸುತ್ತಲಿನ ಕೆರೆಗಳು, ಸಂತೆ ಊರುಗಳು, ದಾರಿಗಳು. ಬಣ್ಣ ಕೋಟೆಯ ಹತ್ತಿರ ಗಾಢ ಇರಲಿ. ದೂರ ಹೋದ ಹಾಗೆ ತಿಳಿ ಆಗಲಿ. ಹರಪನಹಳ್ಳಿಯಿಂದಲೂ, ಬಿದನೂರಿನಿಂದಲೂ ಬೇರೆ ಬಣ್ಣಗಳು ಹಾಗೇ ಹಬ್ಬಿ ಬರಲಿ. ಮಾಯಕೊಂಡದಲ್ಲಿ ಎರಡು ಬಣ್ಣ ಒಂದರ ಮೇಲೊಂದು ಬೀಳಲಿ. ಶಿರಾ ಕಡೆಯಿಂದ ಮೊಗಲರ ಸುಬೇದಾರನ ಬಣ್ಣವೂ ಸ್ವಲ್ಪ ಬರಬೇಕು. ಅವನಿಗೂ ಕಪ್ಪ ಹೋಗುತ್ತಿತ್ತು. ಅದನ್ನು ಮುಚ್ಚಿಡಬೇಡಿ. ಮಕ್ಕಳು ಅದನ್ನು ನೋಡಿ ‘ಇಲ್ಲಿ ಎರಡು ಬಣ್ಣ ಯಾಕೆ’ ಅಂತ ಕೇಳಲಿ. ಪಕ್ಕದಲ್ಲೇ 1810ರ ಸುಮಾರಿನ ಇನ್ನೊಂದು ನಕಾಶೆ ಬರೆಸಿ. ಅದರಲ್ಲಿ ಗೆರೆ ಇರಲಿ, ಗಟ್ಟಿಯಾಗಿ.

ಜೊತೆಗೆ ಊರ ಹೆಸರು ನಮ್ಮವೇ ಇರಲಿ. ಹೊಯ್ಸಳರ ಕಾಲದ ಶಾಸನಗಳಲ್ಲಿ ದುರ್ಗಕ್ಕೆ ಬೆಮ್ಮತ್ತನಕಲ್ಲು ಅಂತ ಹೆಸರಿದೆ. ಇಂಗ್ಲಿಷರ ನಕಾಶೆಗಳಲ್ಲಿ ಚಿತಲ್‌ಡ್ರೂಗ್. ಮೂರನ್ನೂ ಬರೆದರೆ ಕಾಲ ಬದಲಾದದ್ದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ದುರ್ಗದ ಬತೇರಿ (ಸೋಮವಾರ, ರಾತ್ರಿ 9:25)

ಕಪ್ಪದ ಬಣ್ಣ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಆದರೆ ನೀವು ಹೇಳಿದ್ದು ಸುಳ್ಳಲ್ಲ. ಹಾಕಿಸುತ್ತೇನೆ. ಮಾಯಕೊಂಡದಲ್ಲಿ ನಾಯಕ ಸತ್ತ ಜಾಗಕ್ಕೆ ಒಂದು ದೀಪದ ಗುರುತನ್ನೂ ಹಾಕಿಸುತ್ತೇನೆ. ಅದಕ್ಕೆ ಯಾರೂ ಬೇಡ ಅನ್ನಬಾರದು.

ಹರಪನಹಳ್ಳಿ ತೇರುಬೀದಿ (ಸೋಮವಾರ, ರಾತ್ರಿ 9:40)

ನಮ್ಮ ಕಡೆಯಿಂದ ಸತ್ತವರಿಗೂ ಒಂದು ದೀಪ ಇರಲಿ ಅಣ್ಣಾ.

ದುರ್ಗದ ಬತೇರಿ (ಸೋಮವಾರ, ರಾತ್ರಿ 9:42)

ಆಯ್ತು. ಎರಡು ದೀಪ.

ಕೆರೆಯಂಗಳ, ಜಗಳೂರು (ಭಾನುವಾರ, ರಾತ್ರಿ 8:30)

ಒಂದು ವಾರ ಆಯ್ತು, ಕ್ಷಮಿಸಿ. ಶೇಂಗಾ ಕೀಳುವ ಕೆಲಸ ಇತ್ತು.

ಇವತ್ತು ಮಾವನ ಜೊತೆ ಕೆರೆ ಹತ್ತಿರ ಹೋಗಿದ್ದೆ. ಮೋಜಿಣಿ ಸರ್ ಹೇಳಿದ ಹಾಗೆ ಕೇಳಿದೆ. ಅಪ್ಪ ಗುಂಟೆ ಅಂದರು, ಮಾವ ಸೆಂಟ್ಸ್ ಅಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವತ್ತು ವರ್ಷ ಬೀಗರಾಗಿ ಇದನ್ನು ಯಾವತ್ತೂ ಮಾತಾಡಿರಲಿಲ್ಲವಂತೆ.

ಎರಡೂ ಊರಿನ ಗ್ರಾಮ ನಕ್ಷೆ ತಗೊಂಡು ಹೋಗಿದ್ವಿ. ಪಕ್ಕ ಪಕ್ಕ ಇಟ್ಟು ನೋಡಿದರೆ ಅಂಚು ಕೂಡಲ್ಲ. ನಮ್ಮ ನಕ್ಷೆಯಲ್ಲಿ ಗಡಿ ಏರಿಯ ನಡು ಮಧ್ಯ ಹೋಗುತ್ತದೆ. ಅವರ ನಕ್ಷೆಯಲ್ಲಿ ಏರಿಯ ಬುಡದಲ್ಲಿ. ನಡುವೆ ಉದ್ದಕ್ಕೂ ಒಂದು ಪಟ್ಟಿ, ಯಾವ ನಕ್ಷೆಗೂ ಸೇರದ್ದು. ಅಲ್ಲೇ ಹೊಂಗೆ ಮರದ ಕೆಳಗೆ ಒಂದು ಚಚ್ಚೌಕ ಕಲ್ಲು ಮಣ್ಣಲ್ಲಿ ಅರ್ಧ ಹೂತಿದೆ. ಒಂದು ಮುಖದಲ್ಲಿ ಬಾಣದ ಗುರುತು ಕಾಣುತ್ತದೆ. ಇನ್ನೊಂದು ಮುಖ ಮಣ್ಣಿನ ಕಡೆ ಇದೆ. ಮಾವ ಸನಿಕೆ ತಂದಿದ್ದರು. ಅಗೆದು ನೋಡೋಣವಾ ಅಂದರು. ನಾನು ಬೇಡ, ಕೇಳಿ ಮಾಡೋಣ ಅಂದೆ.

ಮೋಜಿಣಿ ಮನೆ, ದಾವಣಗೆರೆ (ಭಾನುವಾರ, ರಾತ್ರಿ 8:48)

ಬೇಡ ಅಂದದ್ದು ಒಳ್ಳೇದಾಯ್ತು ತಮ್ಮಾ. ಆ ಕಲ್ಲನ್ನು ಯಾರೂ ಅಲುಗಿಸಬೇಡಿ. ಮಾವನವರಿಗೂ ಹೇಳು, ಸನಿಕೆ ಒಳಗಿಡಲಿ. ಬಾಂದು ಕಲ್ಲು ಒಂದು ಸಲ ಎದ್ದರೆ ಮತ್ತೆ ಅದೇ ಜಾಗಕ್ಕೆ ಕೂರಿಸಿದ್ದೀವಿ ಅಂತ ಯಾರೂ ಪ್ರಮಾಣ ಮಾಡಿ ಹೇಳಲಾರರು.

ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಹಳೇ ಸರಪಳಿ ಇನ್ನೂ ಮನೆಯಲ್ಲಿದೆ. ಎರಡೂ ನಕ್ಷೆ, ಒಂದು ಬಕೆಟ್ ನೀರು, ತೆಂಗಿನ ನಾರು ಇಟ್ಟಿರಿ. ಕಲ್ಲನ್ನು ಇದ್ದಲ್ಲೇ ತೊಳೆದು, ಆಚೆ ಮುಖದಲ್ಲಿ ಏನಿದೆ ನೋಡೋಣ.